ಹಳೆ ಪಿಕಪ್ ಗಾಡಿಯ ಆಯಿಲ್ ಚೇಂಬರ್ ಪ್ಯಾಕಿಂಗ್ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಟಾಟಾ 207, ಹಳೆ ಬೊಲೆರೊ ಪಿಕಪ್ ಮುಂತಾದ ಡೀಸೆಲ್ ಗಾಡಿಗಳನ್ನು ಇನ್ನೂ ದುಡಿಸುತ್ತಿರುವವರಿಗಾಗಿ ಇದು. ಕೋಲಾರದ ಮಂಡಿಗೆ ಟೊಮೆಟೊ ಹೊರುವ ಗಾಡಿಯಾಗಲಿ, ಸಿಮೆಂಟ್ ಅಂಗಡಿಯ ಗಾಡಿಯಾಗಲಿ, ಹತ್ತು ಹದಿನೈದು ವರ್ಷ ದಾಟಿತು ಅಂದರೆ ನಿಲ್ಲಿಸಿದ ಕಡೆಯಲ್ಲೆಲ್ಲ ಕಪ್ಪು ಕಲೆ ಬಿಡಲು ಶುರು ಮಾಡುತ್ತದೆ. ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಭಾಗವೇ ಚೇಂಬರ್. ಸ್ಪೇರ್ ಅಂಗಡಿಯಲ್ಲಿ ಸಂಪ್ ಅಂತಲೂ ಕರೆಯುತ್ತಾರೆ. ಅದಕ್ಕೂ ಇಂಜಿನ್ ಬ್ಲಾಕಿಗೂ ನಡುವೆ ಆಯಿಲ್ ಸೋರದಂತೆ ಕೂರಿಸುವ ಪ್ಯಾಕಿಂಗ್ (ಗ್ಯಾಸ್ಕೆಟ್) ಬಗ್ಗೆ ಗಾಡಿಯವರು ಕೇಳುವುದೆಲ್ಲ ಇಲ್ಲಿದೆ.

ಕೆಳಗೆ ಆಯಿಲ್ ಬಿದ್ದಿದೆ. ಚೇಂಬರ್ ಪ್ಯಾಕಿಂಗೇ ಹೋಗಿದೆ ಅಂತ ಹೇಗೆ ಹೇಳುವುದು?

ಬಿದ್ದ ಜಾಗ ನೋಡಿ ಹೇಳಲು ಆಗುವುದಿಲ್ಲ. ಆಯಿಲ್ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹೋಗುತ್ತದೆ. ಚೇಂಬರ್ ಎಲ್ಲಕ್ಕಿಂತ ಕೆಳಗಿದೆ. ಹಾಗಾಗಿ ಮೇಲೆ ಎಲ್ಲಿ ಸೋರಿದರೂ ಕೊನೆಗೆ ಒದ್ದೆಯಾಗುವುದು ಅದೇ, ಬೈಸಿಕೊಳ್ಳುವುದೂ ಅದೇ.

ಮೊದಲು ಇಂಜಿನ್ ನೆತ್ತಿಯ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್, ಅದರ ಪ್ಯಾಕಿಂಗ್ ನೋಡಿ. ಅದರಲ್ಲೂ ಕೈಗೆ ಸಿಗದ ಹಿಂಭಾಗದ ಮೂಲೆ. ಆಮೇಲೆ ಆಯಿಲ್ ಪ್ರೆಶರ್ ಸ್ವಿಚ್, ಫಿಲ್ಟರ್ ಕೂರುವ ಜಾಗ, ಮುಂದಿನ ಟೈಮಿಂಗ್ ಕವರ್. ಹಲವು ಹಳೆ ಡೀಸೆಲ್ ಗಾಡಿಗಳಲ್ಲಿ ಆಲ್ಟರ್ನೇಟರ್ ಬೆನ್ನಿಗೇ ಬ್ರೇಕಿನ ವ್ಯಾಕ್ಯೂಮ್ ಪಂಪ್ ಇರುತ್ತದೆ. ಅದಕ್ಕೆ ಇಂಜಿನ್ ಆಯಿಲ್ಲೇ ಹೋಗಿ ವಾಪಸ್ ಬರಬೇಕು. ಆ ವಾಪಸಾತಿಯ ರಬ್ಬರ್ ಪೈಪ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಆಯಿಲ್ ನೇರ ಚೇಂಬರ್ ಅಂಚಿನ ಮೇಲೇ ಇಳಿಯುತ್ತದೆ. ಪೈಪಿನಲ್ಲಿ ಮುಗಿಯುವ ಕೆಲಸಕ್ಕೆ ಚೇಂಬರ್ ಬಿಚ್ಚಿಸಿಕೊಂಡು ದುಡ್ಡು ಕೊಟ್ಟವರು ಬೇಕಾದಷ್ಟು ಜನ ಇದ್ದಾರೆ.

ಇಂಜಿನ್ನೂ ಗೇರ್ ಬಾಕ್ಸೂ ಸೇರುವ ಬೆಲ್ ಹೌಸಿಂಗ್ ಕೆಳಗಿನ ತೂತಿನಿಂದ ಆಯಿಲ್ ಬರುತ್ತಿದ್ದರೆ ಅದು ಹೆಚ್ಚಾಗಿ ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್. ಅದಕ್ಕೆ ಗೇರ್ ಬಾಕ್ಸ್ ಇಳಿಸಬೇಕು. ಅದು ಬೇರೆಯದೇ ಕೆಲಸ, ಬೇರೆಯದೇ ಖರ್ಚು.

ಸರಿಯಾದ ಜಾಗ ಕಂಡುಹಿಡಿಯಲು ಸುಲಭದ ದಾರಿ ಇದೆಯಾ?

ಇದೆ, ಖರ್ಚೂ ಇಲ್ಲ. ಇಂಜಿನ್ ಆರಿದ ಮೇಲೆ ಕೆಳಭಾಗವನ್ನೆಲ್ಲ ಡೀಸೆಲ್ ಮತ್ತು ಬ್ರಶ್ ಹಾಕಿ ಉಜ್ಜಿ. ಆಮೇಲೆ ಸೋಪಿನ ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ. ಆಲ್ಟರ್ನೇಟರ್, ಸ್ಟಾರ್ಟರ್ ಮೇಲೆ ನೀರು ಬಿಡಬೇಡಿ. ಒಣಗಿದ ಮೇಲೆ ಮುಖಕ್ಕೆ ಹಾಕುವ ಪೌಡರನ್ನೇ ಚೇಂಬರ್ ಅಂಚಿನ ಸುತ್ತ, ಟೈಮಿಂಗ್ ಕವರ್ ಮೇಲೆ, ಬ್ಲಾಕಿನ ಪಕ್ಕಕ್ಕೆ ತೆಳ್ಳಗೆ ಉದುರಿಸಿ.

ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿ. ಬಿಳಿ ಪೌಡರ್ ಮೇಲೆ ಆಯಿಲ್ ಹರಿದ ಗೆರೆ ಕಂದು ಬಣ್ಣದಲ್ಲಿ ಕಾಣುತ್ತದೆ. ಆ ಗೆರೆ ಹಿಡಿದು ಮೇಲಕ್ಕೆ ಹೋಗಿ. ಅದು ಬ್ಲಾಕ್ ಮೇಲಿಂದ ಇಳಿದಿದ್ದರೆ ಚೇಂಬರ್ ಮುಟ್ಟಬೇಡಿ. ಅಂಚಿನ ಗೆರೆಯಲ್ಲೇ ಹುಟ್ಟಿದ್ದು, ಅದರ ಮೇಲಿನ ಪೌಡರ್ ಒಣಗಿಯೇ ಇದ್ದರೆ ಮಾತ್ರ ಪ್ಯಾಕಿಂಗ್ ತರಲು ಹೋಗಿ.

ಬರೀ ಒದ್ದೆ ಇದೆ, ತೊಟ್ಟಿಕ್ಕುತ್ತಿಲ್ಲ. ಈಗಲೇ ಮಾಡಿಸಬೇಕಾ?

ಬೇಕಿಲ್ಲ. ಹಳೆ ಡೀಸೆಲ್ ಇಂಜಿನ್ ಸ್ವಲ್ಪ ಬೆವರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಇಳಿಯುತ್ತಿಲ್ಲ, ನೆಲಕ್ಕೆ ಹನಿ ಬೀಳುತ್ತಿಲ್ಲ ಅಂದರೆ ಮುಂದಿನ ಆಯಿಲ್ ಬದಲಾವಣೆವರೆಗೆ ಕಾಯಿರಿ. ಚೇಂಬರ್ ಬಿಚ್ಚಲು ಹೇಗೂ ಆಯಿಲ್ ಖಾಲಿ ಮಾಡಬೇಕಲ್ವಾ, ಎರಡೂ ಒಟ್ಟಿಗೆ ಮುಗಿಯುತ್ತದೆ. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು. ಆ ಹೊತ್ತಿಗೆ ಆಯಿಲ್ ಸುರಿಸುತ್ತ ನಿಲ್ಲುವುದು ಒಳ್ಳೆಯದಲ್ಲ. ಹಾಗಾಗಿ ಎಫ್‌ಸಿ ತಾರೀಕು ನೋಡಿಕೊಂಡು ದಿನ ಗೊತ್ತು ಮಾಡಿ.

ಕ್ಲಚ್ ಕಡೆಗೋ ಬಿಸಿ ಸೈಲೆನ್ಸರ್ ಪೈಪಿನ ಕಡೆಗೋ ಆಯಿಲ್ ಹೋಗುತ್ತಿದ್ದರೆ ಕಾಯುವ ಮಾತೇ ಇಲ್ಲ.

ಬೋಲ್ಟುಗಳನ್ನು ಇನ್ನೊಂದು ಸುತ್ತು ಬಿಗಿ ಮಾಡಿದರೆ ಸಾಲದಾ?

ಎಲ್ಲರೂ ಮೊದಲು ಮಾಡುವುದು ಇದನ್ನೇ, ಎಷ್ಟೋ ಗಾಡಿಗಳ ಚೇಂಬರ್ ಹಾಳಾಗಿರುವುದೂ ಇದರಿಂದಲೇ. ಸಡಿಲವಾದ ಬೋಲ್ಟ್ ಇದ್ದರೆ ಮೆಲ್ಲಗೆ ಕೂರಿಸಿ, ಅದು ಸರಿ. ಬಿಗಿ ಇರುವ ಬೋಲ್ಟನ್ನೇ ಮತ್ತೆ ತಿರುಗಿಸಿದರೆ ತಗಡಿನ ಅಂಚು ಬೋಲ್ಟಿನ ಸುತ್ತ ಮೇಲಕ್ಕೆ ಗುಳಿ ಬೀಳುತ್ತದೆ. ಆಗ ಎರಡು ಬೋಲ್ಟುಗಳ ನಡುವಿನ ಭಾಗ ಪ್ಯಾಕಿಂಗ್ ಮೇಲೆ ಒತ್ತುವುದೇ ಇಲ್ಲ. ಬಿಗಿ ಮಾಡಿದಷ್ಟೂ ಸೋರಿಕೆ ಜಾಸ್ತಿ. ಕಾರ್ಕ್ ಪ್ಯಾಕಿಂಗ್ ಆದರೆ ಬೋಲ್ಟಿನ ಹತ್ತಿರ ಸೀಳಿಕೊಂಡು ಹೊರಗೆ ಬರುತ್ತದೆ.

ಹೊಸ ಪ್ಯಾಕಿಂಗ್ ಹಾಕಿದ ಕೆಲವೇ ವಾರಕ್ಕೆ ಮತ್ತೆ ಸೋರುತ್ತಿದೆ. ಪ್ಯಾಕಿಂಗ್ ಡೂಪ್ಲಿಕೇಟಾ?

ಇರಬಹುದು. ಆದರೆ ಅದಕ್ಕೂ ಮೊದಲು ಬ್ರೀದರ್ ನೋಡಿ. ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗ್ಯಾಸ್ ಯಾವಾಗಲೂ ಕೆಳಗೆ ಇಳಿಯುತ್ತಿರುತ್ತದೆ. ಅದು ಹೊರಗೆ ಹೋಗಲು ಇರುವ ಪೈಪೇ ಬ್ರೀದರ್. ಅದರಲ್ಲಿ ಮಡ್ಡಿ ಕಟ್ಟಿಕೊಂಡರೆ ಅಥವಾ ಪೈಪ್ ಮಡಚಿಕೊಂಡರೆ ಒಳಗೆ ಒತ್ತಡ ಏರುತ್ತದೆ. ಆಗ ಎಂಥ ಒರಿಜಿನಲ್ ಪ್ಯಾಕಿಂಗ್ ಹಾಕಿದರೂ ಆಯಿಲ್ ತನ್ನ ದಾರಿ ತಾನು ಹುಡುಕಿಕೊಳ್ಳುತ್ತದೆ.

ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಬಿಟ್ಟು, ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಬಾಯಿಯ ಮೇಲೆ ಸುಮ್ನೆ ಇಟ್ಟು ನೋಡಿ. ಸ್ವಲ್ಪ ಅಲುಗಿದರೆ ಹಳೆ ಇಂಜಿನ್ನಿಗೆ ಸಹಜ. ಕುಣಿದು ಕೆಳಗೆ ಬಿದ್ದು ಬುಸುಬುಸು ಹೊಗೆ ಬಂದರೆ ಮೊದಲು ಬ್ರೀದರ್ ಪೈಪ್ ಬಿಚ್ಚಿ ತೊಳೆಯಿರಿ. ತೊಳೆದ ಮೇಲೂ ಹಾಗೇ ಇದ್ದರೆ ಹೆಚ್ಚಾಗಿ ರಿಂಗ್, ಲೈನರ್ ಸವೆದಿರುತ್ತದೆ. ಅಂಥ ಗಾಡಿಗೆ ಚೇಂಬರ್ ಪ್ಯಾಕಿಂಗ್ ಮೇಲೆ ದುಡ್ಡು ಹಾಕುವುದು ವ್ಯರ್ಥ. ಇಂಜಿನ್ ಕೆಲಸದ ಜೊತೆಗೇ ಅದೂ ಆಗಲಿ.

ಇನ್ನೊಂದು ಕಾರಣ, ಡಿಪ್‌ಸ್ಟಿಕ್ ಗುರುತು ದಾಟಿ ಆಯಿಲ್ ತುಂಬುವುದು. "ಸ್ವಲ್ಪ ಜಾಸ್ತಿ ಇರಲಿ ಬಿಡಿ" ಅನ್ನುವುದು ಆಯಿಲ್ ವಿಷಯದಲ್ಲಿ ಉಪಕಾರ ಅಲ್ಲ.

ಕಾರ್ಕ್, ರಬ್ಬರ್, ಇಲ್ಲ ಬರೀ ಸಿಲಿಕೋನ್: ಯಾವುದು ಒಳ್ಳೆಯದು?

ನಿಮ್ಮ ಇಂಜಿನ್ನಿಗೆ ಕಂಪನಿ ಏನು ಕೊಟ್ಟಿತ್ತೋ ಅದೇ. ಅಚ್ಚಿನ ರಬ್ಬರ್ ಪ್ಯಾಕಿಂಗ್ ಸಿಗುವ ಇಂಜಿನ್ ಆದರೆ ಕಣ್ಣು ಮುಚ್ಚಿ ಅದನ್ನೇ ತೆಗೆದುಕೊಳ್ಳಿ. ಕೆಲವಕ್ಕೆ ಬೋಲ್ಟ್ ತೂತಿನಲ್ಲಿ ಸಣ್ಣ ಉಕ್ಕಿನ ಬುಶ್ ಇರುತ್ತದೆ, ಪ್ಯಾಕಿಂಗ್ ಅತಿಯಾಗಿ ನಜ್ಜಾಗದಂತೆ ಅದು ತಡೆಯುತ್ತದೆ. ಕಾರ್ಕ್ ಆದರೆ ರಬ್ಬರ್ ಬೆರೆಸಿದ ಕಾರ್ಕ್ ಕೇಳಿ. ಬೆರಳಲ್ಲಿ ಬಗ್ಗಿಸಿದರೆ ಪುಡಿ ಉದುರುವ ಕಾರ್ಕ್ ಅಂಗಡಿಯಲ್ಲೇ ಹಳತಾಗಿದೆ ಅಂತ ಅರ್ಥ. ತುಂಬ ದಿನ ಇಟ್ಟ ಕಾರ್ಕ್ ಒಣಗಿ ಕುಗ್ಗಿರುತ್ತದೆ, ಬೋಲ್ಟ್ ತೂತುಗಳು ಕೂಡುವುದಿಲ್ಲ. ಎಳೆಯಬೇಡಿ, ಹರಿಯುತ್ತದೆ. ಸ್ವಲ್ಪ ಹೊತ್ತು ಬೆಚ್ಚನೆ ನೀರಲ್ಲಿ ಇಟ್ಟರೆ ಅಳತೆಗೆ ಬರುತ್ತದೆ, ಒರೆಸಿ ಒಣಗಿಸಿ ಹಾಕಿ.

ಅನಬಾಂಡ್ ತರಹದ ಆರ್‌ಟಿವಿ ಸಿಲಿಕೋನ್, ಅಂದರೆ ಟ್ಯೂಬಿನಲ್ಲಿ ಬಂದು ಒಣಗಿ ರಬ್ಬರಿನಂತಾಗುವ ಅಂಟು, ಕೆಟ್ಟದ್ದಲ್ಲ. ಬಳಸುವ ರೀತಿ ಕೆಟ್ಟದ್ದು. ಪ್ಯಾಕಿಂಗ್ ಇಲ್ಲದೆ ಸಿಲಿಕೋನ್ ಮೇಲೇ ಕೂರುವಂತೆ ಮಾಡಿದ ಚೇಂಬರುಗಳೂ ಇವೆ, ಅಲ್ಲಿ ಅದೇ ಸರಿ. ಕಾರ್ಕಿನ ಎರಡೂ ಕಡೆ ಸಿಲಿಕೋನ್ ಮೆತ್ತುವುದು ಮಾತ್ರ ಬೇಡ. ಅದು ಒಣಗುವ ಮುಂಚೆ ಜಾರುತ್ತದೆ, ಬೋಲ್ಟ್ ಬಿಗಿಯುತ್ತಿದ್ದಂತೆ ಕಾರ್ಕ್ ಹೊರಗೆ ಓಡುತ್ತದೆ. ಇನ್ನೂ ದೊಡ್ಡ ಅಪಾಯ ಒಳಗಿದೆ. ಹೊರಗೆ ಎಷ್ಟು ಉಬ್ಬಿ ಬಂತೋ ಒಳಗೂ ಅಷ್ಟೇ ಬಂದಿರುತ್ತದೆ. ಅದು ಒಣಗಿ, ತುಂಡಾಗಿ, ಆಯಿಲ್ ಪಂಪಿನ ಜಾಲರಿಗೆ ಅಂಟಿಕೊಳ್ಳುತ್ತದೆ. ಜಾಲರಿ ಮುಚ್ಚಿದರೆ ಬೇರಿಂಗಿಗೆ ಆಯಿಲ್ ಇಲ್ಲ. ಒಂದು ಟ್ಯೂಬ್ ಸಿಲಿಕೋನಿನಿಂದ ಇಂಜಿನ್ ಜಾಮ್ ಆಗುವುದು ಹೀಗೆ.

ಇಂಜಿನ್ ಇಳಿಸದೆ ಆಗುತ್ತದಾ?

ಬಹಳಷ್ಟು ಪಿಕಪ್‌ಗಳಲ್ಲಿ ಆಗುತ್ತದೆ. ಮುಂದೆ ಪಟ್ಟೆ ಸ್ಪ್ರಿಂಗ್, ನೇರ ಆಕ್ಸಲ್ ಇದ್ದರೆ ಚಾಸಿಯನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಆಕ್ಸಲ್ ತಾನಾಗಿ ಕೆಳಗೆ ಜೋತು ಬೀಳುತ್ತದೆ, ಚೇಂಬರ್ ಇಳಿಯಲು ಜಾಗ ಆಗುತ್ತದೆ. ಚೇಂಬರ್ ಕೆಳಗೇ ಚಾಸಿಯ ಅಡ್ಡಪಟ್ಟಿ (ಕ್ರಾಸ್ ಮೆಂಬರ್) ಬಂದಿರುವ ಗಾಡಿಯಲ್ಲಿ ಇಂಜಿನ್ ಫೌಂಡೇಶನ್ ಬೋಲ್ಟ್ ಬಿಚ್ಚಿ ಇಂಜಿನ್ ಸ್ವಲ್ಪ ಮೇಲೆತ್ತಬೇಕು.

ಎತ್ತುವುದಾದರೆ ಮೇಲಿನ ಕೊಕ್ಕೆಗೆ ಚೈನ್ ಬ್ಲಾಕ್ ಹಾಕಿ. ಚೇಂಬರ್ ಕೆಳಗೆ ಜಾಕಿ ಕೊಡುವುದು ಬೇಡ. ತಗಡು ಒಳಗೆ ಹೋಗುತ್ತದೆ, ತಳಕ್ಕೆ ಹತ್ತಿರವೇ ಇರುವ ಜಾಲರಿ ಮುಚ್ಚಿಕೊಳ್ಳುತ್ತದೆ. ಎತ್ತುವ ಮುಂಚೆ ಬ್ಯಾಟರಿ ಅರ್ಥ್ ವೈರ್ ತೆಗೆಯಿರಿ. ಫ್ಯಾನ್ ರೆಕ್ಕೆ ರೇಡಿಯೇಟರ್ ಕಡೆ ಎಷ್ಟು ಬರುತ್ತದೆ, ಹೋಸ್, ಸೈಲೆನ್ಸರ್ ಪೈಪ್, ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆಯಾ ಅಂತ ಒಬ್ಬರು ಮೇಲೆ ನಿಂತು ನೋಡುತ್ತಿರಬೇಕು.

ಗಾಡಿ ಎತ್ತಲು ಸೈಜುಗಲ್ಲು, ಹಾಲೋ ಬ್ಲಾಕ್ ಇಟ್ಟರೆ ಆಗಲ್ವಾ?

ಆಗಲ್ಲ. ಹಾಲೋ ಬ್ಲಾಕ್ ಒಂದೇ ಕಡೆ ಭಾರ ಬಿದ್ದರೆ ಸೂಚನೆ ಕೊಡದೆ ಒಡೆಯುತ್ತದೆ. ನೀವು ಕೆಳಗೆ ಮಲಗಿರುತ್ತೀರಿ. ಚಾಸಿ ಕೆಳಗೆ ಎರಡು ಒಳ್ಳೆ ಸ್ಟ್ಯಾಂಡ್ ಇರಬೇಕು, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಟ್ಟೆ ಕೊಡಬೇಕು. ಸೈಜುಗಲ್ಲಿನ ಕೆಲಸ ಅಷ್ಟೇ, ಚಕ್ರಕ್ಕೆ ಅಡ್ಡ. ಪಿಟ್ ಇರುವ ಗ್ಯಾರೇಜ್ ಬಾಡಿಗೆಗೆ ಸಿಕ್ಕರೆ ಇನ್ನೂ ಒಳ್ಳೆಯದು. ಬರೀ ಜಾಕಿ ನಂಬಿ ಯಾರೂ ಒಳಗೆ ಹೋಗಬೇಡಿ.

ಬೋಲ್ಟ್ ಎಲ್ಲ ಬಿಚ್ಚಿದೆ, ಚೇಂಬರ್ ಬರುತ್ತಿಲ್ಲ.

ಮೊದಲು ಇನ್ನೊಮ್ಮೆ ಎಣಿಸಿ. ಬೆಲ್ ಹೌಸಿಂಗ್ ಹತ್ತಿರ, ಮಡ್ಡಿಯ ಒಳಗೆ ಒಂದೆರಡು ಬೋಲ್ಟ್ ಅಡಗಿರುವುದು ಮಾಮೂಲು. ಎಲ್ಲ ಬಂದಿದ್ದರೆ ಎರಡು ಮೂಲೆಯಲ್ಲಿ ಒಂದೊಂದು ಬೋಲ್ಟ್ ನಾಲ್ಕು ಎಳೆಯಷ್ಟು (ಥ್ರೆಡ್) ಹಾಕಿ ಬಿಡಿ, ಇಲ್ಲದಿದ್ದರೆ ಕಿತ್ತು ಬಂದಾಗ ಮುಖದ ಮೇಲೇ ಬೀಳುತ್ತದೆ. ಆಮೇಲೆ ಮರದ ತುಂಡು ಇಟ್ಟು ಪಕ್ಕದಿಂದ ಸುತ್ತಿಗೆಯಲ್ಲಿ ತಟ್ಟಿ. ಬಗ್ಗುವ ತೆಳು ಪಟ್ಟಿಯನ್ನು ಪ್ಯಾಕಿಂಗ್ ಗೆರೆಯೊಳಗೆ ಮೆಲ್ಲಗೆ ತಳ್ಳಬಹುದು. ಸ್ಕ್ರೂಡ್ರೈವರ್ ಹೊಡೆದು ಮೀಟಬೇಡಿ. ಅಲ್ಯೂಮಿನಿಯಂ ಚೇಂಬರ್ ಆದರೆ ಆ ಗೀರು ಶಾಶ್ವತ.

ಬಿಚ್ಚಿದ ಬೋಲ್ಟುಗಳ ಉದ್ದ ಒಂದೇ ಇರುವುದಿಲ್ಲ. ರಟ್ಟಿನ ಮೇಲೆ ಚೇಂಬರ್ ಆಕಾರ ಬರೆದು, ತೂತು ಮಾಡಿ, ಯಾವುದು ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ.

ಚೇಂಬರ್ ಕೆಳಗೆ ಬಂತು. ಒಳಗೆ ಏನು ನೋಡಬೇಕು?

ಇಷ್ಟು ಕಷ್ಟಪಟ್ಟು ಬಿಚ್ಚಿದ್ದೀರಿ, ಬರೀ ಪ್ಯಾಕಿಂಗ್ ಬದಲಿಸಿ ಮುಚ್ಚಬೇಡಿ. ತಳದ ಮಡ್ಡಿಯನ್ನು ಬೆರಳಲ್ಲಿ ತೆಗೆದು ಬಿಳಿ ಬಟ್ಟೆ ಮೇಲೆ ಸವರಿ, ಬಿಸಿಲಿಗೆ ಹಿಡಿದು ನೋಡಿ. ಬರೀ ಕಪ್ಪು ಇದ್ದರೆ ಮಸಿ, ಚಿಂತೆ ಇಲ್ಲ. ಹೊಳೆಯುವ ಚೂರು ಕಂಡರೆ ಮ್ಯಾಗ್ನೆಟ್ ತನ್ನಿ. ಅಂಟಿಕೊಂಡರೆ ಕಬ್ಬಿಣ, ಅಂದರೆ ರಿಂಗ್ ಅಥವಾ ಗೇರ್ ಸವೆತ. ಅಂಟದ ಬೆಳ್ಳಿ ಬಣ್ಣದ ಮೆತ್ತನೆ ಚೂರು ಹೆಚ್ಚಾಗಿ ಬೇರಿಂಗಿನದ್ದು. ತಾಮ್ರದ ಬಣ್ಣ ಕಂಡರೆ ಬೇರಿಂಗಿನ ಮೇಲಿನ ಪದರ ಮುಗಿದು ಒಳಗಿನದು ತೇಯುತ್ತಿದೆ. ಆಗ ಒಂದು ಬೇರಿಂಗ್ ಕ್ಯಾಪ್ ಬಿಚ್ಚಿಸಿ ನೋಡದೆ ಮುಚ್ಚಬೇಡಿ.

ಜಾಲರಿಯನ್ನು ಡೀಸೆಲ್‌ನಲ್ಲಿ ತೊಳೆಯಿರಿ. ಹಿಂದೆ ಯಾರೋ ಹಾಕಿದ ಸಿಲಿಕೋನ್ ದಾರ ದಾರವಾಗಿ ಸಿಕ್ಕಿಹಾಕಿಕೊಂಡಿರುವುದು ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಪಂಪಿಗೆ ಹೋಗುವ ಪೈಪ್ ಬಿಚ್ಚಿದರೆ ಅದರ ಓ-ರಿಂಗ್ ಅಥವಾ ವಾಶರ್ ಹೊಸದೇ ಆಗಬೇಕು. ಅಲ್ಲಿ ಗಾಳಿ ಎಳೆದರೆ ಪ್ರೆಶರ್ ಬರುವುದಿಲ್ಲ.

ಅಂಚು ಹೇಗೆ ತಯಾರು ಮಾಡುವುದು?

ಈ ಇಡೀ ಕೆಲಸದಲ್ಲಿ ಅರ್ಧ ಹೊತ್ತು ಹೋಗಬೇಕಾದದ್ದು ಇಲ್ಲಿ. ಹೋಗದಿದ್ದರೆ ಕೆಲಸ ಅರ್ಧಂಬರ್ಧ ಆಗಿದೆ ಅಂತ ತಿಳಿಯಿರಿ.

ಹಳೆ ಪ್ಯಾಕಿಂಗನ್ನು ಪೂರ್ತಿ ಕೆರೆಯಿರಿ. ಬ್ಲಾಕಿನ ಕಡೆ ಕೆರೆಯುವಾಗ ಚೂರುಗಳು ಕ್ರ್ಯಾಂಕ್ ಮೇಲೆ ಸಿಡಿಯದಂತೆ ಬಟ್ಟೆ ಅಡ್ಡ ಹಿಡಿಯಿರಿ. ಎಮರಿ ಪೇಪರಿನ ಮರಳು ಇಂಜಿನ್ ಒಳಗೆ ಹೋಗುವುದು ಸೋರಿಕೆಗಿಂತ ಕೆಟ್ಟದ್ದು, ಹಾಗಾಗಿ ಬ್ಲಾಕಿನ ಕಡೆ ಎಮರಿ ಬೇಡವೇ ಬೇಡ.

ತೊಳೆದ ಚೇಂಬರನ್ನು ಸಮತಟ್ಟಾದ ಗ್ರಾನೈಟ್ ಚಪ್ಪಡಿ ಮೇಲೆ ಬೋರಲು ಹಾಕಿ. ಮೂಲೆ ಒತ್ತಿದರೆ ಅಲುಗಾಡುತ್ತದಾ? ಹಿಂದಿನಿಂದ ಟಾರ್ಚ್ ಬಿಟ್ಟರೆ ಸಂದಿಯಲ್ಲಿ ಬೆಳಕು ಬರುತ್ತದಾ? ತಗಡಿನ ಚೇಂಬರ್ ಆದರೆ ಬೋಲ್ಟ್ ತೂತುಗಳ ಸುತ್ತ ಬೆರಳಾಡಿಸಿ. ಪ್ಯಾಕಿಂಗ್ ಕೂರುವ ಕಡೆ ತೂತಿನ ಬಾಯಿ ಉಬ್ಬಿರುತ್ತದೆ, ದೋಸೆ ಹೆಂಚಿನ ಮೇಲೆ ಉಬ್ಬಿದ ಗುಳ್ಳೆ ಥರ. ಅಂಚಿನ ಕೆಳಗೆ ಗಟ್ಟಿ ಮರ ಕೊಟ್ಟು, ಉಬ್ಬಿದ ಕಡೆಯಿಂದ ಗುಂಡು ಸುತ್ತಿಗೆಯಲ್ಲಿ ಸಣ್ಣ ಸಣ್ಣ ಏಟು ಹಾಕಿ ಮಟ್ಟ ಮಾಡಿ. ಒಂದೊಂದೇ ತೂತು, ಮತ್ತೆ ಚಪ್ಪಡಿ ಮೇಲೆ ಇಟ್ಟು ಪರೀಕ್ಷೆ. ಬೇಜಾರಿನ ಕೆಲಸ ಅನ್ನಿಸಬಹುದು. ಹೊಸ ಪ್ಯಾಕಿಂಗ್ ಬಾಳುವುದು ಇದರಿಂದಲೇ. ಅಲ್ಯೂಮಿನಿಯಂ ಚೇಂಬರಿಗೆ ಸುತ್ತಿಗೆ ಮುಟ್ಟಿಸಬೇಡಿ. ಅದು ಸೊಟ್ಟ ಇದ್ದರೆ ಲೇತ್ ಅಂಗಡಿಗೆ ಕೊಟ್ಟು ಮಟ್ಟ ಮಾಡಿಸಿ.

ಕೊನೆಗೆ ಎರಡೂ ಮುಖಗಳನ್ನು ಪೆಟ್ರೋಲ್ ಅಥವಾ ಥಿನ್ನರ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಹತ್ತಿರದಲ್ಲಿ ಬೀಡಿ, ಬೆಂಕಿ, ಉರಿಯುವ ಲ್ಯಾಂಪ್ ಇರಕೂಡದು. ಒರೆಸಿದ ಮೇಲೆ ಬ್ಲಾಕಿನಿಂದ ಮತ್ತೆ ಆಯಿಲ್ ಹನಿ ಇಳಿಯುತ್ತಲೇ ಇರುತ್ತದೆ. ಸಾಧ್ಯವಾದರೆ ಒಂದು ರಾತ್ರಿ ಹಾಗೇ ಸುರಿಯಲು ಬಿಟ್ಟು ಬೆಳಿಗ್ಗೆ ಜೋಡಿಸಿ.

ಮಲಗಿಕೊಂಡು ಒಬ್ಬನೇ ಜೋಡಿಸುವಾಗ ಪ್ಯಾಕಿಂಗ್ ಜಾರುತ್ತದೆ. ಏನು ಮಾಡಲಿ?

ಹೊಲಿಗೆ ದಾರದಲ್ಲಿ ಮೂರ್ನಾಲ್ಕು ಬೋಲ್ಟ್ ತೂತುಗಳ ಮೂಲಕ ಪ್ಯಾಕಿಂಗನ್ನು ಚೇಂಬರ್ ಅಂಚಿಗೆ ಕಟ್ಟಿ. ಉಳಿದ ಬೋಲ್ಟ್ ಹಿಡಿದ ಮೇಲೆ ದಾರ ಕತ್ತರಿಸಿ ಎಳೆದುಕೊಳ್ಳಿ. ಇನ್ನೂ ಸುಲಭ ಬೇಕಾದರೆ ಅದೇ ಎಳೆಯ ಎರಡು ಉದ್ದ ಬೋಲ್ಟುಗಳ ತಲೆ ಕತ್ತರಿಸಿ ಎದುರುಬದುರು ಮೂಲೆಗೆ ಹಾಕಿ. ಚೇಂಬರ್ ಆ ಕಡ್ಡಿಗಳ ಮೇಲೆ ನೇರ ಏರುತ್ತದೆ.

ಸಿಲಿಕೋನ್ ಎಲ್ಲಿ ಹಚ್ಚಬೇಕು? ಎಷ್ಟು ಹೊತ್ತು ಬಿಡಬೇಕು?

ಪ್ಯಾಕಿಂಗ್ ಇರುವ ಚೇಂಬರಿಗೆ ಮೂಲೆಗಳಲ್ಲಿ ಮಾತ್ರ. ಟೈಮಿಂಗ್ ಕವರ್ ಬ್ಲಾಕಿಗೆ ಸೇರುವ ಸಂದಿ, ಹಿಂದೆ ಅರ್ಧಚಂದ್ರ ಆಕಾರದ ರಬ್ಬರ್ ತುಂಡು ಇದ್ದರೆ ಅದರ ತುದಿ ಪ್ಯಾಕಿಂಗಿಗೆ ಮುಟ್ಟುವ ಜಾಗ. ಅಲ್ಲಿ ಕಡಲೆ ಗಾತ್ರ ಸಾಕು. ಬರೀ ಸಿಲಿಕೋನ್ ಮೇಲೆ ಕೂರುವ ಚೇಂಬರಿಗೆ 2ರಿಂದ 3 ಮಿಲಿಮೀಟರ್ ದಪ್ಪದ ಒಂದೇ ಗೆರೆ, ಬೋಲ್ಟ್ ತೂತುಗಳ ಒಳಬದಿಯಿಂದ ಸುತ್ತಿ ಬರಲಿ. ಮಧ್ಯೆ ಕಡಿಯಬಾರದು. ಗಾಳಿಯ ತೇವ ಹೀರಿ ಅದು ಗಟ್ಟಿಯಾಗುವುದರಿಂದ ಮಳೆಗಾಲದಲ್ಲಿ ಬೇಗ ಕೆನೆ ಕಟ್ಟುತ್ತದೆ. ಗೆರೆ ಎಳೆದ ಮೇಲೆ ಫೋನ್ ಎತ್ತಬೇಡಿ, ಹತ್ತು ನಿಮಿಷದೊಳಗೆ ಚೇಂಬರ್ ಏರಿಸಿ. ಪೂರ್ತಿ ಗಟ್ಟಿಯಾಗಲು 24 ಗಂಟೆ ಕೊಡಿ, ಆಮೇಲೆ ಆಯಿಲ್. ಸಂಜೆ ಬಾಡಿಗೆ ಒಪ್ಪಿಕೊಂಡು ಬೆಳಿಗ್ಗೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಎಷ್ಟು ಬಿಗಿ ಮಾಡಬೇಕು?

ಮೊದಲು ಎಲ್ಲ ಬೋಲ್ಟನ್ನೂ ಕೈಯಲ್ಲೇ ಹಿಡಿಸಿ. ಆಮೇಲೆ ನಡುವಿನಿಂದ ಶುರು ಮಾಡಿ, ಎಡ ಬಲ ಬದಲಿಸುತ್ತ ತುದಿಗೆ ಹೋಗಿ. ಎರಡು ಮೂರು ಸುತ್ತಲ್ಲಿ ಮುಗಿಸಿ. 10ರ ಸ್ಪ್ಯಾನರ್ ಕೂರುವ ಬೋಲ್ಟ್ ಸಾಮಾನ್ಯವಾಗಿ ಎಂ6. ಅದಕ್ಕೆ ಸುಮಾರು 10 ನ್ಯೂಟನ್ ಮೀಟರ್ ಅಂದರೆ ಹೆಚ್ಚಿನ ಮಿತಿ, ಕಾರ್ಕಿಗೆ ಅದಕ್ಕಿಂತಲೂ ಕಡಿಮೆ. ನಿಮ್ಮ ಇಂಜಿನ್ನಿನ ಮ್ಯಾನುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಟಾರ್ಕ್ ರೆಂಚ್ ಇಲ್ಲದವರು ಸ್ಪ್ಯಾನರನ್ನು ತುದಿಯಲ್ಲಿ ಹಿಡಿಯದೆ ಬೋಲ್ಟಿನ ಹತ್ತಿರ, ಮೂರು ಬೆರಳಲ್ಲಿ ಹಿಡಿದು ತಿರುಗಿಸಿ. ಪ್ಯಾಕಿಂಗ್ ಸ್ವಲ್ಪ ಉಬ್ಬಿದ ಹಾಗೆ ಕಂಡ ಕೂಡಲೇ ನಿಲ್ಲಿಸಿ. ಪೈಪ್ ಹಾಕಿ ಉದ್ದ ಮಾಡುವ ಜಾಗ ಇದಲ್ಲ.

ಕಾರ್ಕ್ ಆದರೆ ಒಂದು ಸಲ ಬಿಸಿಯಾಗಿ ಆರಿದ ಮೇಲೆ ಇನ್ನೊಮ್ಮೆ ಮೆಲ್ಲಗೆ ಪರೀಕ್ಷಿಸಿ. ಅಚ್ಚಿನ ರಬ್ಬರಿಗೂ ಸಿಲಿಕೋನಿಗೂ ಅದೂ ಬೇಡ.

ಆಯಿಲ್ ಯಾವುದು, ಎಷ್ಟು? ಮೊದಲ ಸ್ಟಾರ್ಟ್ ಹೇಗೆ?

ಇಂಥ ಹಳೆ ಡೀಸೆಲ್ ಇಂಜಿನ್ನಿಗೆ ಹೆಚ್ಚಾಗಿ 15ಡಬ್ಲ್ಯೂ-40 ಡೀಸೆಲ್ ಆಯಿಲ್. ಅಳತೆ ಮ್ಯಾನುಯಲ್ ಪ್ರಕಾರ ಹಾಕಿ, ಕೊನೆಯ ಮಾತು ಡಿಪ್‌ಸ್ಟಿಕ್ಕಿನದು. ಫಿಲ್ಟರ್ ಹೊಸದು ಹಾಕಿ. ಬಾಯಿ ಮೇಲಕ್ಕೆ ಕೂರುವ ಫಿಲ್ಟರ್ ಆದರೆ ಮೊದಲೇ ಆಯಿಲ್ ತುಂಬಿಸಿ. ಸ್ಟಾಪ್ ಕೇಬಲ್ ಇರುವ ಗಾಡಿಯಲ್ಲಿ ಅದನ್ನು ಎಳೆದು ಹಿಡಿದು, ಆಯಿಲ್ ಲೈಟ್ ಆರುವವರೆಗೆ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡ್ ಮೀರದಿರಲಿ. ಆಮೇಲೆ ಸ್ಟಾರ್ಟ್ ಮಾಡಿ ಐಡ್ಲಿಂಗಿನಲ್ಲೇ ಬಿಟ್ಟು ಕೆಳಗೆ ನೋಡಿ.

ಡ್ರೈನ್ ಬೋಲ್ಟಿನಿಂದಲೇ ತೊಟ್ಟಿಕ್ಕುತ್ತಿದ್ದರೆ?

ತಾಮ್ರದ ವಾಶರ್ ಬದಲಿಸಿ. ಹೊಸದು ಸಿಗದಿದ್ದರೆ ಹಳೆಯದನ್ನೇ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮತ್ತೆ ಮೆತ್ತಗಾಗುತ್ತದೆ. ಎಳೆ ಹೋಗಿದ್ದರೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಚೇಂಬರ್ ಕೆಳಗೆ ಬಂದಿರುವಾಗಲೇ ಲೇತ್‌ನಲ್ಲಿ ಹೊಸ ಎಳೆ ಹಾಕಿಸಿ.

ಖರ್ಚು ಎಷ್ಟು?

ಪ್ಯಾಕಿಂಗ್ ಅಗ್ಗ. ದುಡ್ಡು ಹೋಗುವುದು ಆಯಿಲ್, ಫಿಲ್ಟರ್, ಕೂಲಿಗೆ, ಮತ್ತು ಗಾಡಿ ನಿಂತ ದಿನದ ಬಾಡಿಗೆಗೆ. ಅದಕ್ಕೇ ಪ್ಯಾಕಿಂಗಿನಲ್ಲಿ ನೂರಿನ್ನೂರು ಉಳಿಸಲು ಹೋಗಬೇಡಿ. ಬೆಂಗಳೂರಿನವರಿಗೆ ಸ್ಪೇರ್ ಅಂಗಡಿಗಳ ಜೆ.ಸಿ. ರಸ್ತೆ ಇದೆ. ಬೇರೆ ಊರಿನವರು ಇಂಜಿನ್ ನಂಬರ್, ವರ್ಷ ಬರೆದುಕೊಂಡು ಹೋಗಿ. ಒಂದೇ ಹೆಸರಿನ ಗಾಡಿಯಲ್ಲಿ ಬೇರೆ ಬೇರೆ ವರ್ಷಕ್ಕೆ ಬೇರೆ ಇಂಜಿನ್ ಬಂದಿರುತ್ತದೆ. ಅಂಗಡಿಯಲ್ಲಿ ಹೊಸ ಪ್ಯಾಕಿಂಗ್ ತೂತುಗಳನ್ನು ಹಳೆಯದರ ಮೇಲೆ ಇಟ್ಟು ನೋಡಿಯೇ ದುಡ್ಡು ಕೊಡಿ.

ಗ್ಯಾರೇಜಿಗೆ ಕೊಟ್ಟರೆ ಏನು ಹೇಳಬೇಕು?

ಎರಡೇ ಮಾತು. ಅಂಚು ಮಟ್ಟ ಮಾಡಿದ ಮೇಲೆ ಮುಚ್ಚುವ ಮುಂಚೆ ನನಗೆ ತೋರಿಸಿ, ಜಾಲರಿ ತೊಳೆದದ್ದೂ ತೋರಿಸಿ. ಒಳ್ಳೆ ಮೇಸ್ತ್ರಿ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಹಳೆ ಆಯಿಲ್ ಏನು ಮಾಡಲಿ?

ಚರಂಡಿಗೂ ಹೊಲಕ್ಕೂ ಬೇಡ. ದನದ ಗಾಯಕ್ಕೆ ಹಚ್ಚುವುದಂತೂ ಬೇಡವೇ ಬೇಡ. ಬೇಲಿ ಗೂಟಕ್ಕೆ ಬಳಿದರೆ ಗೆದ್ದಲು ಬರಲ್ಲ ಅನ್ನುತ್ತಾರೆ, ಆದರೆ ಮಳೆಗೆ ಅದು ತೊಳೆದು ಮಣ್ಣಿಗೇ ಹೋಗುತ್ತದೆ. ಸುಟ್ಟ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. ಮುಚ್ಚಳ ಇರುವ ಕ್ಯಾನಿಗೆ ಸುರಿದು, ಪರವಾನಗಿ ಇರುವವರಿಗೆ ಹಳೆ ಆಯಿಲ್ ಕೊಡುವ ಗ್ಯಾರೇಜಿನ ಡ್ರಮ್ಮಿಗೆ ಹಾಕಿ. ಕೆಲಸಕ್ಕೆ ಗ್ಲೌಸ್ ಹಾಕಿಕೊಳ್ಳಿ, ಊಟಕ್ಕೆ ಕೂರುವ ಮುಂಚೆ ಡೀಸೆಲ್‌ನಲ್ಲಿ ಅಲ್ಲ, ಸೋಪಿನಲ್ಲಿ ಕೈ ತೊಳೆಯಿರಿ.